ಬಂದರುಗಳ ಪೈಪೋಟಿ: ಘಟ್ಟದ ಮೇಲೆ ನಿಂತು ಓದಿದರೆ

ಪಠ್ಯದಲ್ಲಿ ಬಂದರುಗಳ ಪೈಪೋಟಿ ಅಂದರೆ ಆಳ, ಧಕ್ಕೆ, ಕ್ರೇನುಗಳ ಪಟ್ಟಿ. ಶಿವಮೊಗ್ಗದ ಕಡೆಯವರಿಗೆ ಇನ್ನೊಂದು ಸಂಗತಿ ಕಣ್ಣೆದುರೇ ಇದೆ: ಸರಕು ಘಟ್ಟ ಇಳಿಯಬೇಕು. ಪಶ್ಚಿಮ ಕರಾವಳಿಯಲ್ಲಿ ಯಾವ ಬಂದರು ಗೆದ್ದಿತು ಎಂಬುದಕ್ಕೆ ಮುಕ್ಕಾಲು ಉತ್ತರ ಅಲ್ಲೇ ಸಿಗುತ್ತದೆ.

ಕಾರವಾರ ಸೋತದ್ದು ಹೇಗೆ

1861–65ರ ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಾಲದಾಯಿತು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾದಲ್ಲಿ ಹಡಗು ಹತ್ತುತ್ತಿತ್ತು. ಬೆಳೆದದ್ದು ಬಯಲಲ್ಲಾದರೂ ಮಾರುಕಟ್ಟೆಯಲ್ಲಿ ಅದರ ಹೆಸರು ‘ಕುಮಟಾ’ ಹತ್ತಿ. ಕುಮಟಾ ಕಡಲಿಗೆ ಮರೆಯೇನೂ ಇರಲಿಲ್ಲ. ಕಾರವಾರದ ಕೊಲ್ಲಿಗೆ ಗುಡ್ಡದ ಆಸರೆಯಿತ್ತು. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಮೇಲೆ ಕಾರವಾರವನ್ನೇ ದೊಡ್ಡ ಬಂದರು ಮಾಡುವ ಆಸೆ ಚಿಗುರಿತು. ಬೇಕಿದ್ದದ್ದು ಹುಬ್ಬಳ್ಳಿಗೊಂದು ರೈಲು ಹಳಿ.

ಹಳಿ ಹೋದದ್ದು ಬೇರೆ ಕಡೆ. 1878ರ ಬ್ರಿಟಿಷ್–ಪೋರ್ಚುಗೀಸ್ ಒಪ್ಪಂದದ ಬೆನ್ನಿಗೆ ಕ್ಯಾಸಲ್‌ರಾಕ್ ಮೂಲಕ ಪೋರ್ಚುಗೀಸರ ಗೋವಾದ ಮಾರ್ಮಗೋವಾ ಬಂದರಿಗೆ ರೈಲು ಮಾರ್ಗ ತಯಾರಾಗಿ, 1888ರ ಹೊತ್ತಿಗೆ ಪೂರ್ಣವಾಗಿ ತೆರೆಯಿತು. 37 ಮೀಟರಿಗೆ 1 ಮೀಟರ್ ಏರುವ ಕಡಿದಾದ ಘಟ್ಟ ಅದು. ಆದರೂ ಎತ್ತಿನ ಗಾಡಿಗಿಂತ ಅಗ್ಗ. ಒಳ್ಳೆಯ ಕೊಲ್ಲಿ ಇದ್ದೂ ಕಾರವಾರದ ವ್ಯಾಪಾರ ಸೊರಗಿತು.

ಆಳ ಬೇರೆ, ಡ್ರಾಫ್ಟ್ ಬೇರೆ

ಇಲ್ಲಿ ಬಹಳ ಜನ ಎಡವುತ್ತಾರೆ. ಆಳ ಹಡಗು ಬಂದರಿಗೆ ಬರುವ ಕಾಲುವೆಯದು, ಡ್ರಾಫ್ಟ್ ಎಂದರೆ ಹಡಗು ನೀರಲ್ಲಿ ಎಷ್ಟು ಮುಳುಗುತ್ತದೆ ಎಂಬುದು. ಹಡಗಿನ ತಳದ ಕೆಳಗೆ ಡ್ರಾಫ್ಟಿನ ಶೇ. 10ರಷ್ಟು ಅಂತರ ಬಿಡಬೇಕು ಎಂದಿಟ್ಟುಕೊಳ್ಳಿ. ಕಡಲಿನ ಭರತವನ್ನು (ಉಬ್ಬರ) ಲೆಕ್ಕಕ್ಕೆ ಹಿಡಿಯದಿದ್ದರೆ, ಕಾಲುವೆ 13.2 ಮೀ. ಇರುವಲ್ಲಿ 12 ಮೀ. ಡ್ರಾಫ್ಟಿನ ಹಡಗು ಬರಬಹುದು. ತುಂಬು ಹೇರಿಗೆ 13 ಮೀ. ಡ್ರಾಫ್ಟ್ ಬೇಡುವ ಪ್ಯಾನಮ್ಯಾಕ್ಸ್ (ಪನಾಮಾ ಕಾಲುವೆಯ ಹಳೆಯ ಅಳತೆಗೆ ಹೊಂದುವ ದೊಡ್ಡ) ಹಡಗು ಬಂತೆನ್ನಿ. ಅಂಥ ಹಡಗು ಒಂದು ಸೆಂ.ಮೀ. ಮುಳುಗಲು ಸುಮಾರು 67 ಟನ್ ಬೇಕು. ಕೊರತೆ 100 ಸೆಂ.ಮೀ., ಅಂದರೆ 6,700 ಟನ್ ಧಕ್ಕೆಯಲ್ಲೇ ಉಳಿಯಿತು: ಹೆಚ್ಚುಕಡಿಮೆ ಎರಡು ಗೂಡ್ಸ್ ರೈಲು. ಹಡಗಿನ ಬಾಡಿಗೆ ಮಾತ್ರ ಇಳಿಯುವುದಿಲ್ಲ. ಹಾಗಾಗಿ ಟನ್ನಿನ ದರ ಏರುತ್ತದೆ, ಸಾಗಣೆದಾರ ಪಕ್ಕದ ಬಂದರು ಹುಡುಕುತ್ತಾನೆ.

ಹೂಳೆತ್ತಿದರೆ ಮುಗಿಯಿತಲ್ಲ ಅನ್ನಬೇಡಿ. ಪ್ರತಿ ಮಳೆಗಾಲದ ಅಲೆ ಕೆಸರನ್ನು ಮತ್ತೆ ಕಾಲುವೆಗೆ ತಳ್ಳುತ್ತದೆ. ಎತ್ತಿದ ಹೂಳನ್ನು ಹತ್ತಿರದಲ್ಲೇ ಸುರಿದರೆ ಅದೇ ವಾಪಸು ಬರುತ್ತದೆ. ಅಳಿವೆಯ ಬಂದರುಗಳಿಗೆ ಈ ಕಾಟ ಇನ್ನೂ ಹೆಚ್ಚು. ಕೆಳದಿ ಅರಸರ ಕಾಲದಲ್ಲಿ ಅಕ್ಕಿ ಸಾಗಿಸಿದ ಬಸರೂರು ಹಾಯಿಹಡಗಿಗೆ ಸರಿಹೊಂದಿತ್ತು. ಹಡಗು ದೊಡ್ಡದಾದಂತೆ ಹೊಳೆ ಸಾಲಲಿಲ್ಲ.

ಪಣಂಬೂರು

ಹಳೇ ಮಂಗಳೂರು ಬಂದರು ಕೂಡ ಅಳಿವೆಯದೇ. ಆದ್ದರಿಂದ ಪಣಂಬೂರಿನಲ್ಲಿ ನೆಲ ಅಗೆದು ಸರ್ವಋತು ಬಂದರು ಮಾಡಿದರು. 1974ರಲ್ಲಿ ಅದು ಪ್ರಮುಖ ಬಂದರಾಯಿತು. ಅದಕ್ಕೆ ಖಾಯಂ ಸರಕು ಕೊಟ್ಟದ್ದು ಕುದುರೆಮುಖದ ಕಬ್ಬಿಣದ ಅದಿರಿನ ಗಣಿ. ಅದಿರಿನ ಪುಡಿಯನ್ನು ನೀರಿಗೆ ಕಲಸಿ 67 ಕಿ.ಮೀ. ಕೊಳವೆಯಲ್ಲಿ ಕೆಳಕ್ಕೆ ಬಿಟ್ಟರು, ಲಾರಿಯ ಗೊಡವೆಯೇ ಇಲ್ಲ. 2005ರ ಕೊನೆಗೆ ಗಣಿ ನಿಂತಾಗ ಆ ಸರಕೂ ನಿಂತಿತು. ಒಂದೇ ಗಣಿ ನೆಚ್ಚಿಕೊಂಡರೆ ಬರುವ ತೊಂದರೆಗೆ ಇದೇ ಉದಾಹರಣೆ ಬರೆಯಿರಿ.

ಹಾಸನ–ಮಂಗಳೂರು ರೈಲು 1979ರಲ್ಲಿ ಪೂರ್ತಿಯಾಯಿತು. ಗೇಜ್ (ಹಳಿಗಳ ನಡುವಿನ ಅಗಲ) ಬದಲಿಸುವಾಗ ಘಟ್ಟದ ಭಾಗ ಸುಮಾರು 10 ವರ್ಷ ಮುಚ್ಚಿತ್ತು; ಈಗಲೂ ಮಳೆಗಾಲದಲ್ಲಿ ಗುಡ್ಡ ಕುಸಿದರೆ ನಿಲ್ಲುತ್ತದೆ. ನಮ್ಮ ಕಡೆಯ ಹಳಿ ತಾಳಗುಪ್ಪಕ್ಕೇ ಮುಗಿಯುತ್ತದೆ. ಕೊಂಕಣ ರೈಲು ಓಡುವ ಹೊನ್ನಾವರ ಘಟ್ಟದ ಕೆಳಗೇ ಇದ್ದರೂ ಹಳಿ ಕೂಡಿಲ್ಲ. ಆಗುಂಬೆಯ ತಿರುವುಗಳಲ್ಲಿ 40 ಅಡಿಯ ಟ್ರೈಲರ್ ತಿರುಗುವ ಮಾತೇ ಇಲ್ಲ.

ಕಂಟೇನರ್ ಲೆಕ್ಕ

ಚಿಕ್ಕಮಗಳೂರಿಗೆ ಮಂಗಳೂರು ಹತ್ತಿರ, ಆದರೂ ಕಾಫಿ ಕೊಚ್ಚಿಗೂ ಹೋಗುತ್ತದೆ. ಪಣಂಬೂರಿಗೆ ಬರುವುದು ಹೆಚ್ಚಾಗಿ ಕಚ್ಚಾತೈಲ, ಅನಿಲ, ಕಲ್ಲಿದ್ದಲು. ಇವು ಕಂಟೇನರಿನಲ್ಲಿ ಬರುವ ಸರಕಲ್ಲ. ರಫ್ತಿಗೆ ಖಾಲಿ ಪೆಟ್ಟಿಗೆ ಬೇಕೆಂದರೆ ಬೇರೆಡೆಯಿಂದ ತರಿಸಬೇಕು, ಆ ಖರ್ಚು ಕಾಫಿಯ ಮೇಲೆ ಬೀಳುತ್ತದೆ. ದೊಡ್ಡ ಹಡಗು ನೇರ ಬರದಿದ್ದರೆ ಸಣ್ಣ ಫೀಡರ್ ಹಡಗಿನಲ್ಲಿ ಕೊಲಂಬೊಗೆ ಹೋಗಿ ಅಲ್ಲಿ ಮತ್ತೊಮ್ಮೆ ಇಳಿಸಿ ಹತ್ತಿಸಬೇಕು. ಅಲ್ಲಿ ದೊಡ್ಡ ಹಡಗು ತಪ್ಪಿತೋ, ಮುಂದಿನದಕ್ಕೆ ಕಾಯಬೇಕು.