ಕಟ್ಟಿಗೆ ತಿಕ್ಕಿದರೆ ಹೊಗೆ ಬರುತ್ತದೆ, ಬೆಂಕಿ ಯಾಕೆ ಹತ್ತುವುದಿಲ್ಲ?

ಪ್ರಶ್ನೆ: "ಸರ್, ಒಣಗಿದ ಜಾಲಿ ಹಲಗಿ ಮ್ಯಾಲ ಜಾಲಿ ಕಡ್ಡಿ ಇಟ್ಟು ಬಿಲ್ಲಿನಿಂದ ತಿರುವಾಕತ್ತೀನ್ರಿ. ಹೊಗಿ ಬರತೈತಿ, ಕಟ್ಟಿಗಿ ಕರ್ರಗ ಆಗತೈತಿ, ಆದ್ರ ಬೆಂಕಿ ಹತ್ತವಲ್ದು. ಇನ್ನೂ ಗಟ್ಟಿ ಕಟ್ಟಿಗಿ ತಗೋಬೇಕೇನ್ರಿ?"

ಬೇಡ. ಇನ್ನೂ ಮೆತ್ತಗಿನದು ತಗೊಳ್ಳಿ.

ಈ ಪ್ರಶ್ನೆ ಸಿಂದಗಿಯಿಂದ ಬರಲಿ, ಮುಧೋಳದಿಂದ ಬರಲಿ, ಬೈಲಹೊಂಗಲದಿಂದ ಬರಲಿ, ಕೊನೆಯ ಸಾಲು ಮಾತ್ರ ಬದಲಾಗುವುದಿಲ್ಲ. ಎಷ್ಟು ಸಲ ಹೇಳಿದರೂ ಗಟ್ಟಿ ಕಟ್ಟಿಗೆಯ ಮೇಲಿನ ನಂಬಿಕೆ ಜಗ್ಗುತ್ತಿಲ್ಲ. ಹಾಗಾಗಿ ಈ ಸಲ ಮೊದಲು ಅದನ್ನೇ ಬುಡಸಮೇತ ಕೀಳೋಣ. ಬಿಲ್ಲು, ಹಗ್ಗದ ಮಾತು ಆಮೇಲೆ.

ನಂಬಿಕೆ ಎಲ್ಲಿಂದ ಬಂತು ಎನ್ನುವುದು ಗೊತ್ತಿದೆ. ಒಲೆಗೆ ಜಾಲಿಯಂಥ ಕಟ್ಟಿಗೆ ಇನ್ನೊಂದಿಲ್ಲ. ರೊಟ್ಟಿ ಮುಗಿಯುವ ತನಕ ಕೆಂಡ ಕಾಯುತ್ತದೆ. ಚೆನ್ನಾಗಿ ಉರಿಯುವ ಕಟ್ಟಿಗೆಯೇ ಚೆನ್ನಾಗಿ ಬೆಂಕಿ ಹುಟ್ಟಿಸುತ್ತದೆ ಎಂದು ಮನಸ್ಸು ತಾನೇ ಲೆಕ್ಕ ಹಾಕುತ್ತದೆ. ಅದರ ಮೇಲೆ "ಘರ್ಷಣೆ ಹೆಚ್ಚಾದಷ್ಟೂ ಶಾಖ ಹೆಚ್ಚು" ಎಂಬ ಶಾಲೆಯ ಪಾಠ. ಎರಡೂ ತಮ್ಮ ತಮ್ಮ ಜಾಗದಲ್ಲಿ ಸರಿ. ಆದರೆ ಬೆಂಕಿ ಹುಟ್ಟುವುದು ಕಟ್ಟಿಗೆಯಲ್ಲಿ ಅಲ್ಲ, ಅದರ ಪುಡಿಯಲ್ಲಿ.

ತಿಕ್ಕುವಾಗ ಎರಡು ಕೆಲಸ ಒಟ್ಟಿಗೆ ನಡೆಯಬೇಕು. ಕಟ್ಟಿಗೆ ಸವೆದು ನುಣ್ಣಗಿನ ಪುಡಿ ಉದುರಬೇಕು, ಉದುರುವ ಪುಡಿ ಸುಟ್ಟು ಕಪ್ಪಾಗಿರಬೇಕು. ಆ ಬಿಸಿ ಪುಡಿ ಒಂದೇ ಕಡೆ ಗುಡ್ಡೆಯಾಗಿ, ಹೆಚ್ಚುಕಡಿಮೆ 400 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ, ಗಾಳಿಯ ಆಮ್ಲಜನಕ ಹಿಡಿದು ತಾನೇ ಕೆಂಡವಾಗುತ್ತದೆ. ಕಡ್ಡಿಗೂ ಹಲಗೆಗೂ ನಡುವೆ ಜ್ವಾಲೆ ಏಳುವುದಿಲ್ಲ. ಅದನ್ನು ಕಾಯುತ್ತ ಕುಳಿತರೆ ಕೈಗೆ ಬೊಕ್ಕೆ ಬರುತ್ತವೆ, ಅಷ್ಟೇ.

ಈಗ ಜಾಲಿಯನ್ನು ನೋಡಿ. ಅದು ಸುಲಭವಾಗಿ ಸವೆಯುವುದಿಲ್ಲ, ಆದ್ದರಿಂದ ಪುಡಿ ಕಡಿಮೆ. ಸವೆಯದ ಮೈ ಉಜ್ಜಿಸಿಕೊಂಡು ಉಜ್ಜಿಸಿಕೊಂಡು ನುಣುಪಾಗಿ ಹೊಳೆಯತೊಡಗುತ್ತದೆ, ಕಡ್ಡಿ ಜಾರುತ್ತದೆ, ಘರ್ಷಣೆಯೇ ಇಳಿದುಹೋಗುತ್ತದೆ. ಇನ್ನೊಂದು ಕಾರಣ ಯಾರ ಕಣ್ಣಿಗೂ ಬೀಳುವುದಿಲ್ಲ: ತೂಕದ ಕಟ್ಟಿಗೆ ಶಾಖವನ್ನು ಬೇಗ ಒಳಗೆ ಎಳೆದುಕೊಳ್ಳುತ್ತದೆ, ಹಗುರ ಕಟ್ಟಿಗೆಯೊಳಗಿನ ಗಾಳಿ ಶಾಖವನ್ನು ಮೇಲೆಯೇ ತಡೆದು ನಿಲ್ಲಿಸುತ್ತದೆ. ನೀವು ಕಂಡ ಹೊಗೆ ಸುಳ್ಳಲ್ಲ. ಗುಳಿಯ ಗೋಡೆ ಸುಡುತ್ತಿದೆ, ಆದರೆ ಕೆಂಡವಾಗಲು ಕೆಳಗೆ ಪುಡಿಯೇ ಬಿದ್ದಿಲ್ಲ.

ಇಷ್ಟು ಹೇಳಿದ ಮೇಲೆ ಬರುವ ಮರುಪ್ರಶ್ನೆಯೂ ಗೊತ್ತು. "ಹಂಗಾರ ಒಂದು ಗಟ್ಟಿ, ಒಂದು ಮೆತ್ತಗ ಇರಬೇಕಲ್ರಿ? ಹೋಮದಾಗ ಬನ್ನಿ, ಅರಳಿ ತಿಕ್ಕತಾರಲ್ಲ?" ಇದು ಅದೇ ನಂಬಿಕೆಯ ಎರಡನೆಯ ವೇಷ. ಅರಣಿಯ, ಅಂದರೆ ಹೋಮದ ಬೆಂಕಿ ಕಡೆಯುವ ಕಟ್ಟಿಗೆಯ ವಿಧಿಯನ್ನು ಸರಿಯಾಗಿ ನೋಡಿದರೆ ಅದು ನಿಮ್ಮ ಮಾತಿಗೆ ವಿರುದ್ಧವಾಗಿಯೇ ಸಾಕ್ಷಿ ಹೇಳುತ್ತದೆ. ಬನ್ನಿ ಗಿಡದ ಮೇಲೆ ಹುಟ್ಟಿ ಬೆಳೆದ ಅರಳಿಗೆ ಶಮೀಗರ್ಭ ಎನ್ನುತ್ತಾರೆ. ಕೆಳಗಿನ ಅಧರಾರಣಿಯನ್ನು ಆ ಅರಳಿಯಿಂದ ಮಾಡಬೇಕು, ಮೇಲಿನ ಉತ್ತರಾರಣಿಯನ್ನೂ ಅದರಿಂದಲೇ ಮಾಡಬೇಕು ಎಂಬುದು ವಿಧಿ. ಉತ್ತರಾರಣಿಯಿಂದ ಸೀಳಿ ತೆಗೆದ ಪ್ರಮಂಥವೆಂಬ ತುಂಡನ್ನು ತಿರುಗುವ ಕೋಲಿನ ಬುಡಕ್ಕೆ ಕೂರಿಸುತ್ತಾರೆ. ಮೇಲಿನಿಂದ ಓವಿಲಿಯೆಂಬ ಹಿಡಿಯನ್ನು ಒಬ್ಬರು ಒತ್ತಿ ಹಿಡಿಯುತ್ತಾರೆ, ನೇತ್ರವೆಂಬ ಹಗ್ಗವನ್ನು ಕೋಲಿಗೆ ಸುತ್ತಿ ಇನ್ನೊಬ್ಬರು ಮಜ್ಜಿಗೆ ಕಡೆಯುವ ಹಾಗೆ ಎಳೆಯುತ್ತಾರೆ. ಅಂದರೆ ತಿಕ್ಕುವ ತುದಿ ಅರಳಿ, ತಿಕ್ಕಿಸಿಕೊಳ್ಳುವ ಹಲಗೆಯೂ ಅರಳಿ. ಬನ್ನಿ ಆ ಮರವನ್ನು ಹೊತ್ತು ಬೆಳೆಸಿತು, ಘರ್ಷಣೆಗೆ ಬರಲಿಲ್ಲ. ಒಂದೇ ಜಾತಿಯ ಮೆತ್ತಗಿನ ಮರದ ಎರಡು ತುಂಡು ಸಾಕು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ.

ಹಾಗಾದರೆ ಯಾವ ಕಟ್ಟಿಗೆ? ಹೆಸರು ಹಿಡಿದು ಹುಡುಕುವ ಮೊದಲು ಉಗುರು ಹಚ್ಚಿ ನೋಡಿ. ತೊಗಟೆ ತೆಗೆದ ಜಾಗದಲ್ಲಿ ಹೆಬ್ಬೆರಳಿನ ಉಗುರು ಒತ್ತಿದರೆ ಸ್ಪಷ್ಟ ಗುರುತು ಮೂಡಬೇಕು, ಆದರೆ ಕಟ್ಟಿಗೆ ಪುಡಿಪುಡಿಯಾಗಿ ಕುಸಿಯಬಾರದು. ಕುಸಿದರೆ ಗೆದ್ದಲು ತಿಂದದ್ದು, ಬಿಡಿ. ಮುರಿದರೆ ಟಕ್ಕನೆ ಮುರಿಯಬೇಕು. ಕೆನ್ನೆಗೆ ತಾಗಿಸಿದರೆ ತಣ್ಣಗೆ ಅನ್ನಿಸಬಾರದು. ತಣ್ಣಗಿದ್ದರೆ ಒಳಗೆ ನೀರಿದೆ, ಆ ನೀರು ಆವಿಯಾಗಿ ಹೋಗುವ ತನಕ ಪುಡಿಯ ಶಾಖ 100 ಡಿಗ್ರಿ ದಾಟುವುದಿಲ್ಲ.

ವಿಜಯಪುರ, ಬಾಗಲಕೋಟೆ, ಬೆಳಗಾವಿ, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ಈ ಪರೀಕ್ಷೆ ಪಾಸಾಗುವ ಗಿಡಗಳಿಗೆ ಬರವಿಲ್ಲ. ಹೊಲದ ಬದುವಿನಲ್ಲಿ ನಿಂತಲ್ಲೇ ಒಣಗಿದ ಎಕ್ಕೆಯ ದಪ್ಪ ಕಾಂಡ ಮೊದಲನೆಯದು. ಹಸಿ ಎಕ್ಕೆಯ ಹಾಲು ಕಣ್ಣಿಗೆ ಬಿದ್ದರೆ ದೊಡ್ಡ ಅನಾಹುತ, ಹಾಗಾಗಿ ಒಣಗಿದ್ದನ್ನೇ ಕಡಿಯಿರಿ. ಹಾಲವಾಣ, ನುಗ್ಗೆ, ಅರಳಿ, ಅತ್ತಿ ಇವುಗಳ ಒಣ ಟೊಂಗೆಗಳನ್ನೂ ಉಗುರು ಹಚ್ಚಿ ನೋಡಿ. ಬಿಲ್ಲಿಲ್ಲದೆ ಬರೀ ಅಂಗೈಯಿಂದ ಕಡೆಯುವವರು ಉದ್ದನೆಯ ನೆಟ್ಟಗಿನ ತೊಗರಿ ಕಟ್ಟಿಗೆ ಹುಡುಕಬಹುದು, ಆದರೆ ಕಲಿಯುವವರಿಗೆ ಬಿಲ್ಲೇ ವಾಸಿ. ಜಾಲಿ, ಬಳ್ಳಾರಿ ಜಾಲಿ, ಹುಣಸೆ ಬೇಡ. ಸಾಗವಾನಿಯಲ್ಲಿ ಎಣ್ಣೆ ಅಂಶ ಇರುವುದರಿಂದ ಅದೂ ಬೇಡ.

ಹಲಗೆ ಒಂದು ಬೆರಳು ದಪ್ಪ, ಅಂದರೆ ಸುಮಾರು ಒಂದೂವರೆ ಸೆಂಟಿಮೀಟರ್ ಇರಲಿ. ಕಡ್ಡಿ ಹೆಬ್ಬೆರಳು ದಪ್ಪ, ಗೇಣುದ್ದ, ನೆಟ್ಟಗಿರಲಿ. ಕೆಳತುದಿ ಮೊಂಡು, ಮೇಲಿನ ತುದಿ ಚೂಪು. ಬಿಲ್ಲು ನಿಮ್ಮ ಕೈಯುದ್ದ, ಸ್ವಲ್ಪವೇ ಬಾಗಿದ್ದು, ಬಗ್ಗದಂಥದ್ದು. ಹಗ್ಗಕ್ಕೆ ನೂಲಿನದು, ಚರ್ಮದ ಬಾರು, ಇಲ್ಲವೇ ಬಿಗಿಯಾಗಿ ಹೊಸೆದ ಪುಂಡಿ ನಾರು. ತೆಳ್ಳನೆಯ ನೈಲಾನ್ ಜಾರುತ್ತದೆ, ಬಿಸಿಗೆ ಕರಗುತ್ತದೆ. ಸುತಲಿ ಹರಿಯುತ್ತದೆ. ಬಿಲ್ಲಿನ ಹಗ್ಗವನ್ನು ಕಡ್ಡಿಗೆ ಒಂದು ಸುತ್ತು ಹಾಕಿದ ಮೇಲೆ, ಕಡ್ಡಿಯನ್ನು ಕೈಯಿಂದ ತಿರುವಿದರೆ ಹಗ್ಗದಲ್ಲಿ ಜಾರಬಾರದು, ಅಷ್ಟು ಬಿಗಿ ಇರಬೇಕು.

ಮೇಲಿನಿಂದ ಒತ್ತುವ ಹಿಡಿಗೆ ಮಾತ್ರ ನಿಮ್ಮ ಜಾಲಿ ಬೇಕು. ಇಲ್ಲಿ ಗಟ್ಟಿತನವೇ ಗುಣ, ಯಾಕೆಂದರೆ ಇಲ್ಲಿ ಪುಡಿಯೂ ಬೇಡ, ಶಾಖವೂ ಬೇಡ. ಜಾಲಿ ತುಂಡಿನಲ್ಲಿ ಸಣ್ಣ ಗುಳಿ ಕೊರೆದು ಕೊಬ್ಬರಿ ಎಣ್ಣೆ ಹಚ್ಚಿ. ಹೊಳೆಯಲ್ಲಿ ಸಿಗುವ, ನಡುವೆ ಕುಳಿಯಿರುವ ನುಣುಪು ಕರಿಕಲ್ಲೂ ಆದೀತು. ಬಾದಾಮಿ ಕಡೆಯ ಮರಳುಗಲ್ಲು ಬೇಡ, ಅದು ಕಡ್ಡಿಯ ತಲೆಯನ್ನೇ ತಿಂದುಬಿಡುತ್ತದೆ. ಎಣ್ಣೆ ಹಚ್ಚಿದ ತುದಿ ಯಾವತ್ತೂ ಕೆಳಗೆ ಬರದಂತೆ ಗುರುತು ಹಾಕಿಡಿ.

ಈಗ ಕಚ್ಚು. ಪ್ರಶ್ನೆ ಕೇಳುವವರಲ್ಲಿ ಅರ್ಧಕ್ಕರ್ಧ ಜನ ಕಚ್ಚು ಹಾಕಿಯೇ ಇರುವುದಿಲ್ಲ! ಹಲಗೆಯ ಅಂಚಿನಿಂದ ಒಂದೂವರೆ ಸೆಂಟಿಮೀಟರ್ ಒಳಗೆ ಸಣ್ಣ ಗುಳಿ ಮಾಡಿ, ಕಡ್ಡಿ ಇಟ್ಟು ತಿರುವಿ, ಗುಳಿ ದುಂಡಗೆ ಕಪ್ಪಾಗುವ ತನಕ ಸುಟ್ಟು ನಿಲ್ಲಿಸಿ. ಆಮೇಲೆ ಅಂಚಿನಿಂದ ಗುಳಿಯ ನಡುವಿನ ಹತ್ತಿರದ ತನಕ, ದುಂಡನ್ನು ಎಂಟು ಪಾಲು ಮಾಡಿದರೆ ಒಂದು ಪಾಲಿನಷ್ಟು ಅಗಲಕ್ಕೆ ಕೊಯ್ಯಿರಿ. ಪುಡಿ ಗುಡ್ಡೆಯಾಗುವುದು ಇದರಲ್ಲಿ. ಕಚ್ಚು ತೀರಾ ಅಗಲವಾದರೆ ಪುಡಿ ಹರಡಿ ಆರುತ್ತದೆ, ತೀರಾ ಕಿರಿದಾದರೆ ಗಾಳಿ ಸಿಗುವುದಿಲ್ಲ. ಕೆಳಗೆ ಒಂದು ಒಣ ಮುತ್ತಲ ಎಲೆ ಇಡಿ. ಬರೀ ನೆಲದ ಮೇಲೆ ಬಿದ್ದ ಪುಡಿಯ ಬಿಸಿಯನ್ನು ನೆಲ ಹೀರಿಕೊಳ್ಳುತ್ತದೆ.

ಎಡಗಾಲಿನಿಂದ ಹಲಗೆ ಮೆಟ್ಟಿ, ಹಿಡಿ ಹಿಡಿದ ಎಡ ಮಣಿಕಟ್ಟನ್ನು ಅದೇ ಕಾಲಿನ ಮೊಣಕಾಲ ಕೆಳಗಿನ ಎಲುಬಿಗೆ ಆನಿಸಿ. ಇದೊಂದು ಸರಿಯಾದರೆ ಕಡ್ಡಿ ಅಲುಗಾಡುವುದು ನಿಲ್ಲುತ್ತದೆ. ಬಿಲ್ಲಿನ ಪೂರ್ತಿ ಉದ್ದ ಬಳಸಿ ನಿಧಾನಕ್ಕೆ, ಹಗುರ ಒತ್ತಡದಲ್ಲಿ ಶುರು ಮಾಡಿ. ಹೊಗೆ ಎದ್ದ ಮೇಲೆ ವೇಗ ಏರಿಸಿ, ಒತ್ತಡ ಕೂಡಿಸಿ. ಮೊದಲೇ ಜೋರು ಮಾಡಿದವರಿಗೆ ಬೇಕಾದ ಹೊತ್ತಿನಲ್ಲಿ ಉಸಿರು ಇರುವುದಿಲ್ಲ.

ಪುಡಿಯನ್ನು ಓದಲು ಕಲಿತರೆ ನನ್ನನ್ನು ಕೇಳುವ ಅಗತ್ಯವೇ ಇಲ್ಲ. ತಿಳಿ ಕಂದು ಪುಡಿ ಬಿದ್ದರೆ ಒತ್ತಡ ಅಥವಾ ವೇಗ ಸಾಲದು. ಕಡುಕಂದು ಅಥವಾ ಕಪ್ಪಗೆ, ಹಿಟ್ಟಿನಷ್ಟು ನುಣ್ಣಗಿದ್ದರೆ ಸರಿಯಾದ ದಾರಿ. ಕಪ್ಪು ಎಳೆಗಳಂತೆ ಸುರುಳಿ ಸುರುಳಿಯಾಗಿ ಬಂದರೆ ಒತ್ತಡ ಜಾಸ್ತಿಯಾಗಿದೆ. ಪುಡಿಯೇ ಇಲ್ಲದೆ ಕಿರ್‌ ಎಂಬ ಸದ್ದು ಬಂದರೆ ಮೈ ನುಣುಪಾಗಿದೆ. ಗುಳಿಯನ್ನೂ ತುದಿಯನ್ನೂ ಚಾಕುವಿನಿಂದ ಕೆರೆದು, ಚಿಟಿಕೆ ಮರಳು ಹಾಕಿ ಮತ್ತೆ ಶುರು ಮಾಡಿ.

ಬಿಲ್ಲು ನಿಲ್ಲಿಸಿದ ಮೇಲೂ ಪುಡಿಯಿಂದ ತಾನಾಗಿ ಹೊಗೆ ಏಳುತ್ತಿದ್ದರೆ ಕೆಂಡ ಹುಟ್ಟಿದೆ. ಅವಸರ ಬೇಡ, ಬಾಯಿಂದ ಊದಬೇಡಿ. ಅಂಗೈಯಿಂದ ಮೆಲ್ಲಗೆ ಗಾಳಿ ಹಾಕುತ್ತ ಅರ್ಧ ನಿಮಿಷ ಬಿಡಿ, ಪುಡಿ ಗಟ್ಟಿಯಾಗಿ ಕೂಡಿಕೊಳ್ಳುತ್ತದೆ. ಆಮೇಲೆ ಎಲೆಯ ಸಮೇತ ಎತ್ತಿ ನಾರಿನ ಗೂಡಿಗೆ ಹಾಕಿ. ಗೂಡಿಗೆ ಬಿಡಿಸಿದ ತೆಂಗಿನ ನಾರು, ಕೈಯಲ್ಲಿ ಹೊಸಕಿದ ಕಬ್ಬಿನ ರವದಿ (ಒಣ ಎಲೆ), ನಡುವೆ ಚಿಟಿಕೆ ಒಣ ಕುಳ್ಳಿನ ಪುಡಿ. ಕುಳ್ಳಿನ ಪುಡಿ ಸಣ್ಣ ಕೆಂಡವನ್ನು ದೊಡ್ಡದು ಮಾಡುತ್ತದೆ, ರವದಿ ಜ್ವಾಲೆ ಕೊಡುತ್ತದೆ. ಗೂಡನ್ನು ಮುಖಕ್ಕಿಂತ ಮೇಲೆ ಹಿಡಿದು ಉದ್ದನೆಯ ಉಸಿರಿನಲ್ಲಿ ಊದಿ.

ಕಲಿಯಲು ಮಾರ್ಚ್‌ನಿಂದ ಮೇ ತನಕದ ವಿಜಯಪುರದ ಒಣಹವೆ ಶ್ರೇಷ್ಠ. ಜುಲೈನಲ್ಲಿ ಖಾನಾಪುರದಲ್ಲಿ ಕೂತು "ಬರವಲ್ದು" ಎಂದರೆ ತಪ್ಪು ನಿಮ್ಮ ಕೈಯದಲ್ಲ, ಹವೆಯದು. ಕಟ್ಟಿಗೆಯನ್ನು ಒಲೆಯ ಹತ್ತಿರ ಕೆಲವು ದಿನ ಒಣಗಿಸಿ ನೋಡಿ.

ಖಾನಾಪುರದ ಮಾತು ಬಂದದ್ದಕ್ಕೆ, ಕೇಳದೇ ಇದ್ದರೂ ಇನ್ನೊಂದನ್ನು ಹೇಳಲೇಬೇಕು. ಗಾಳಿಗೆ ಬಿದಿರಿಗೆ ಬಿದಿರು ತಿಕ್ಕಿ ಕಾಡಿಗೆ ಬೆಂಕಿ ಬೀಳುತ್ತದೆ ಎಂದು ದೊಡ್ಡವರೂ ಹೇಳುತ್ತಾರೆ. ಮೇಲಿನ ಲೆಕ್ಕವನ್ನೇ ಅಲ್ಲಿ ಹಾಕಿ. ನಿಂತ ಹಸಿ ಬಿದಿರಿನಲ್ಲಿ ನೀರಿದೆ. ಗಾಳಿಗೆ ಅದು ಒಂದೇ ಜಾಗದಲ್ಲಿ ತಿಕ್ಕುವುದಿಲ್ಲ. ಉದುರಿದ ಪುಡಿಯನ್ನು ಹಿಡಿಯಲು ಕಚ್ಚಿಲ್ಲ, ಅದೇ ಗಾಳಿ ಪುಡಿಯನ್ನು ಹಾರಿಸಿ ಆರಿಸುತ್ತದೆ. ಬಿದಿರಿನಿಂದ ಬೆಂಕಿ ಮಾಡಲು ಬರುವುದಿಲ್ಲ ಎಂದಲ್ಲ. ಸಂಪೂರ್ಣ ಒಣಗಿದ ಬಿದಿರನ್ನು ಸೀಳಿ, ಒಂದು ಸೀಳಿನ ಬೆನ್ನಿಗೆ ಅಡ್ಡ ಕಚ್ಚು ಹಾಕಿ, ಕೆಳಗೆ ಕಿಂಡಿ ತೆರೆದು ಅದರ ಹಿಂದೆ ಬಿದಿರಿನದೇ ಹೆರೆತ ತುಂಬಿ, ಇನ್ನೊಂದು ಸೀಳಿನ ಚೂಪು ಅಂಚಿನ ಮೇಲೆ ಗರಗಸದಂತೆ ಎಳೆಯಬೇಕು. ಬಿದಿರು ಗಟ್ಟಿಯಾದರೂ ತೆಳ್ಳನೆಯ ಅಂಚು ಸವೆದು ಪುಡಿ ಕೊಡುತ್ತದೆ, ಕಿಂಡಿ ಅದನ್ನು ಹಿಡಿದಿಡುತ್ತದೆ. ಇಷ್ಟನ್ನೂ ಗಾಳಿ ಮಾಡಲಾರದು.

ನಮ್ಮ ದೇಶದಲ್ಲಿ ಕಾಡಿಗೆ ಬೀಳುವ ಬೆಂಕಿಯಲ್ಲಿ ಬಹುಪಾಲು ಮನುಷ್ಯರು ಹಚ್ಚಿದ್ದು: ಹೊಸ ಹುಲ್ಲಿನ ಆಸೆಗೆ, ಸೇದಿ ಎಸೆದ ಬೀಡಿಗೆ, ಅಡುಗೆ ಮುಗಿಸಿ ಬಿಟ್ಟುಹೋದ ಒಲೆಗೆ. ಬಿದಿರಿನ ಮೇಲೆ ತಪ್ಪು ಹೊರಿಸಿದಷ್ಟು ದಿನ ಆ ಬೀಡಿಯ ಮಾತು ಯಾರೂ ಎತ್ತುವುದಿಲ್ಲ. ಹಾಗಾಗಿ ಭೀಮಗಡದ ಕಾಡಿನಲ್ಲಾಗಲಿ, ಯಡಹಳ್ಳಿಯ ಚಿಂಕಾರಾ ಧಾಮದಲ್ಲಾಗಲಿ ಈ ವಿದ್ಯೆ ತೋರಿಸಲು ಹೋಗಬೇಡಿ. ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಮನೆಯ ಅಂಗಳದಲ್ಲಿ, ಬಣವಿಯಿಂದಲೂ ಕಬ್ಬಿನ ಹೊಲದಿಂದಲೂ ದೂರ, ಒಂದು ಕೊಡ ನೀರು ಪಕ್ಕದಲ್ಲಿಟ್ಟುಕೊಂಡು ಮಾಡಿ.