ನೀರಿನ ಡಿಎನ್‌ಎ, ಟೆಂಡರಿನ ಷರತ್ತು

ಕಪ್ಪೆಯನ್ನು ಹಿಡಿಯದೆ, ಅದರ ಕೂಗನ್ನೂ ಕೇಳದೆ, ಬರೀ ಕೊಳದ ನೀರನ್ನು ಪರೀಕ್ಷಿಸಿ ಅದು ಅಲ್ಲಿದೆಯೆಂದು ಹೇಳಬಹುದು. 2008ರಲ್ಲಿ ಫ್ರಾನ್ಸಿನಲ್ಲಿ ನಡೆದ ಅಧ್ಯಯನವೊಂದು ಇದನ್ನು ತೋರಿಸಿಕೊಟ್ಟಿತು. ಅಲ್ಲಿ ಹುಡುಕಿದ್ದು ಹೊರಗಿನಿಂದ ಬಂದು ಸೇರಿಕೊಂಡಿದ್ದ ಅಮೆರಿಕ ಮೂಲದ ಬುಲ್‌ಫ್ರಾಗ್ ಎಂಬ ಕಪ್ಪೆಯನ್ನು. ಪ್ರಾಣಿಗಳ ಚರ್ಮ, ಲೋಳೆ, ಮಲದಿಂದ ಕಳಚಿಕೊಂಡ ಡಿಎನ್‌ಎ ನೀರಿನಲ್ಲಿ ಸಾಮಾನ್ಯವಾಗಿ ಕೆಲವು ದಿನ ಅಥವಾ ಕೆಲವು ವಾರ ಉಳಿದಿರುತ್ತದೆ. ಪರಿಸರ ಡಿಎನ್‌ಎ ಎಂದು ಕರೆಯುವುದು ಇದನ್ನೇ.

ಸರ್ಕಾರಿ ಇಲಾಖೆಗಳಿಗೆ ಈ ವಿಧಾನದ ಉಪಯೋಗ ಬೇಗನೆ ಮನವರಿಕೆಯಾಯಿತು. ಇಂಗ್ಲೆಂಡಿನಲ್ಲಿ ಗ್ರೇಟ್ ಕ್ರೆಸ್ಟೆಡ್ ನ್ಯೂಟ್ ಎಂಬ ಉಭಯಚರಿಗೆ ಕಾನೂನಿನ ರಕ್ಷಣೆಯಿದೆ. ಅದು ಇರಬಹುದಾದ ಕೊಳದ ಆಸುಪಾಸಿನಲ್ಲಿ ಕಟ್ಟಡ ಏಳಬೇಕಾದರೆ ಸಾಮಾನ್ಯವಾಗಿ ಮೊದಲು ಸಮೀಕ್ಷೆ ಆಗಬೇಕು. 2014ರಿಂದ ಅಲ್ಲಿ ನೀರಿನ ಡಿಎನ್‌ಎ ಪರೀಕ್ಷೆಗೂ ಮಾನ್ಯತೆ ಸಿಕ್ಕಿದೆ. ಕೊಳದ ಸುತ್ತ 20 ಕಡೆಗಳಲ್ಲಿ 30 ಮಿಲಿಲೀಟರಿನಂತೆ ನೀರು ತುಂಬಿ, ಎಲ್ಲವನ್ನೂ ಬೆರೆಸಿ, ಆಲ್ಕೋಹಾಲ್ ಇರುವ ಆರು ಕೊಳವೆಗಳಿಗೆ 15 ಮಿಲಿಲೀಟರಿನಂತೆ ಹಾಕಬೇಕು. ಪ್ರಯೋಗಾಲಯದಲ್ಲಿ ಪ್ರತಿ ಕೊಳದ ಮಾದರಿಗೂ 12 ಸಲ ಪಿಸಿಆರ್, ಅಂದರೆ ಡಿಎನ್‌ಎ ತುಣುಕನ್ನು ಮತ್ತೆ ಮತ್ತೆ ನಕಲಿಸಿ ಪತ್ತೆಹಚ್ಚುವ ಪರೀಕ್ಷೆ, ನಡೆಸಬೇಕು. ಮಾದರಿ ತೆಗೆಯಲು ಅವಕಾಶವಿರುವುದು ಏಪ್ರಿಲ್ 15ರಿಂದ ಜೂನ್ 30ರವರೆಗೆ ಮಾತ್ರ. ಹೀಗಾಗಿ ವರ್ಷದ ಕೆಲಸವೆಲ್ಲ ಎರಡೂವರೆ ತಿಂಗಳಲ್ಲಿ ಒಮ್ಮೆಲೇ ಬಂದು ಬೀಳುತ್ತದೆ. ಪಿಸಿಆರ್ ನಡೆಯುವ 96 ಗುಳಿಗಳ ಒಂದು ಪ್ಲೇಟಿನಲ್ಲಿ ಹೋಲಿಕೆಯ ಮಾದರಿಗಳಿಗೆ ಜಾಗ ಬಿಟ್ಟರೆ ಏಳು ಕೊಳಗಳಷ್ಟೇ ಹಿಡಿಸುತ್ತವೆ. ಕೈಯಲ್ಲಿ ಪಿಪೆಟ್ ಎಂಬ ದ್ರವ ಅಳೆದು ಹಾಕುವ ಸಾಧನ ಹಿಡಿದು ಸಾವಿರಾರು ಗುಳಿಗಳಿಗೆ ಕೆಲವೇ ಮೈಕ್ರೋಲೀಟರ್ ದ್ರವ ಹಾಕುತ್ತಾ ಹೋದರೆ ಹೆಬ್ಬೆರಳು ಸೋಲುತ್ತದೆ, ಗಮನವೂ ಸೋಲುತ್ತದೆ. ಸ್ವಯಂಚಾಲಿತ ಯಂತ್ರದ ಬೇಡಿಕೆ ಹುಟ್ಟುವುದು ಇಲ್ಲಿಂದ.

ಆ ಯಂತ್ರದ ಕೆಲಸವನ್ನು ಹತ್ತಿರದಿಂದ ನೋಡಬೇಕು. ಮೇಜಿನಷ್ಟು ಅಗಲದ ವೇದಿಕೆಯ ಮೇಲೆ ಪ್ಲೇಟುಗಳು ಸಾಲಾಗಿ ಕುಳಿತಿರುತ್ತವೆ. ಅವುಗಳ ಅಳತೆ ಜಗತ್ತಿನಾದ್ಯಂತ ಒಂದೇ: 127.76 ಮಿಲಿಮೀಟರ್ ಉದ್ದ, 85.48 ಮಿಲಿಮೀಟರ್ ಅಗಲ, ಗುಳಿಯಿಂದ ಗುಳಿಗೆ 9 ಮಿಲಿಮೀಟರ್. ಮೇಲಿನಿಂದ ಇಳಿಯುವ ತೋಳು ಎಂಟೋ ತೊಂಬತ್ತಾರೋ ತುದಿಗಳಿಂದ ಒಟ್ಟಿಗೆ ದ್ರವ ಹೀರುತ್ತದೆ. ಕೆಲವು ಯಂತ್ರಗಳ ತುದಿಗಳು ಕಪ್ಪಗಿರುತ್ತವೆ. ಪ್ಲಾಸ್ಟಿಕ್ಕಿಗೆ ಇಂಗಾಲ ಬೆರೆಸಿರುವುದರಿಂದ ವಿದ್ಯುತ್ತು ಹರಿದು, ದ್ರವದ ಮೇಲ್ಮೈ ತಾಕಿದ ಕ್ಷಣವೇ ಯಂತ್ರಕ್ಕೆ ಗೊತ್ತಾಗುತ್ತದೆ. ಡಿಎನ್‌ಎ ಬೇರ್ಪಡಿಸುವ ವಿಧಾನ ಇನ್ನೂ ಸೊಗಸಾದದ್ದು. ಸಿಲಿಕಾ ಲೇಪಿಸಿದ ಸಣ್ಣ ಕಾಂತೀಯ ಮಣಿಗಳಿಗೆ ತಕ್ಕ ಲವಣವಿದ್ದಾಗ ಡಿಎನ್‌ಎ ಅಂಟಿಕೊಳ್ಳುತ್ತದೆ. ಅಯಸ್ಕಾಂತ ಮಣಿಗಳನ್ನು ಗುಳಿಯ ಗೋಡೆಗೆ ಸೆಳೆದು ಹಿಡಿದಾಗ ಉಳಿದ ಕೊಳೆಯನ್ನೆಲ್ಲ ಹೀರಿ ತೆಗೆಯುತ್ತಾರೆ. ಆಲ್ಕೋಹಾಲಿನಿಂದ ತೊಳೆದು, ಒಣಗಿಸಿ, ಕೊನೆಗೆ ಲವಣ ತೀರಾ ಕಡಿಮೆಯಿರುವ ದ್ರವ ಹಾಕಿದರೆ ಡಿಎನ್‌ಎ ಬಿಟ್ಟುಕೊಳ್ಳುತ್ತದೆ.

ಇಷ್ಟೆಲ್ಲ ಬಲ್ಲ ಯಂತ್ರವನ್ನು ಸರ್ಕಾರ ಕೊಳ್ಳುವಾಗ ಟೆಂಡರಿನ ತಾಂತ್ರಿಕ ಷರತ್ತುಗಳಲ್ಲಿ ಮೊದಲು ಕಾಣುವುದು ವೇಗ: ದಿನಕ್ಕೆ ಎಷ್ಟು ಮಾದರಿ? ಪರಿಸರ ಡಿಎನ್‌ಎ ವಿಷಯದಲ್ಲಿ ವೇಗಕ್ಕಿಂತ ಮೊದಲು ಕೇಳಬೇಕಾದದ್ದು ಶುದ್ಧಿಯನ್ನು ಎಂಬುದು ನನ್ನ ದೃಢವಾದ ಅಭಿಪ್ರಾಯ. ಪಿಸಿಆರ್‌ನಲ್ಲಿ ಪ್ರತಿ ಸುತ್ತಿಗೂ ಡಿಎನ್‌ಎ ಇಮ್ಮಡಿಯಾಗುತ್ತದೆ. ಎಲ್ಲವೂ ಸರಿಯಾಗಿ ನಡೆದರೆ 40 ಸುತ್ತುಗಳಲ್ಲಿ ಒಂದೇ ಒಂದು ತುಣುಕು ಲಕ್ಷ ಕೋಟಿಯನ್ನು ದಾಟುತ್ತದೆ. ಪಕ್ಕದ ಗುಳಿಯಿಂದ ಕಣ್ಣಿಗೆ ಕಾಣದ ಹನಿಯೊಂದು ಸಿಡಿದರೂ ಸಾಕು, ಪ್ರಾಣಿಯೇ ಇಲ್ಲದ ಕೊಳದಲ್ಲಿ ಪ್ರಾಣಿ ಇದೆ ಎಂಬ ವರದಿ ಹೊರಬೀಳುತ್ತದೆ, ಆ ವರದಿಯ ಮೇಲೆ ಯಾರದೋ ಕಾಮಗಾರಿ ನಿಲ್ಲುತ್ತದೆ. ಇದನ್ನು ಪರೀಕ್ಷಿಸುವ ದಾರಿ ಸುಲಭ. ಪ್ಲೇಟನ್ನು ಚದುರಂಗದ ಹಾಸಿನಂತೆ ಭಾಗಿಸಿ ಒಂದು ಬಿಟ್ಟು ಒಂದು ಗುಳಿಗೆ ಡಿಎನ್‌ಎ, ಉಳಿದವಕ್ಕೆ ಬರೀ ಶುದ್ಧ ನೀರು ಹಾಕಿ ಯಂತ್ರವನ್ನು ಓಡಿಸಬೇಕು. ನೀರಿನ ಗುಳಿಗಳಲ್ಲಿ ಏನೂ ಕಾಣಿಸಿಕೊಳ್ಳಬಾರದು. ಬಿಡ್ ಸಲ್ಲಿಸಿದವರೆಲ್ಲರೂ ಕೆಸರು ನೀರಿನ ಮಾದರಿಗಳ ಮೇಲೂ ಯಂತ್ರದ ಕೆಲಸವನ್ನು ತೋರಿಸಲಿ. ಕೊಳೆತ ಎಲೆಯಿಂದ ಬರುವ ಹ್ಯೂಮಿಕ್ ಆಮ್ಲ ಪಿಸಿಆರನ್ನು ತಡೆಯುತ್ತದೆ. ಶುದ್ಧ ದ್ರಾವಣದಲ್ಲಿ ಚೆನ್ನಾಗಿ ನಡೆದ ವಿಧಾನ ಅಂಥ ನೀರಿನಲ್ಲಿ ಸೋಲಬಹುದು.

ಒಂದೇ ಕಂಪನಿಯ ಕೈಪಿಡಿಯನ್ನು ನಕಲು ಮಾಡಿದಂಥ ಷರತ್ತು ಬರೆದರೆ ಪೈಪೋಟಿ ಅಲ್ಲಿಗೇ ಮುಗಿಯುತ್ತದೆ. ವಿಶ್ವ ವ್ಯಾಪಾರ ಸಂಸ್ಥೆಯ ಸರ್ಕಾರಿ ಖರೀದಿ ಒಪ್ಪಂದದ ಪ್ರಕಾರ ಬೇರೆ ರೀತಿಯಲ್ಲಿ ವಿವರಿಸಲು ಸಾಧ್ಯವೇ ಇಲ್ಲದಿದ್ದರೆ ಮಾತ್ರ ಬ್ರ್ಯಾಂಡಿನ ಹೆಸರು ಬರೆಯಬಹುದು, ಆಗಲೂ ‘ಅಥವಾ ಅದಕ್ಕೆ ಸಮನಾದ’ ಎಂಬಂಥ ಮಾತು ಸೇರಿಸಬೇಕು. ಇದು ಒಳ್ಳೆಯ ನಿಯಮ. ಆದರೆ ಸಮ ಎಂದರೆ ಯಾವುದರಲ್ಲಿ ಸಮ ಎಂಬುದನ್ನು ವಿಜ್ಞಾನಿಯೇ ಅಂಕಿಗಳಲ್ಲಿ ಬರೆದುಕೊಡಬೇಕು. ಅದನ್ನು ಖರೀದಿ ವಿಭಾಗದ ತಲೆಗೆ ಕಟ್ಟುವುದು ಅನ್ಯಾಯ.

ಇನ್ನು ಬೆಲೆ. ಯಂತ್ರ ಅಗ್ಗವಾಗಿ ಸಿಕ್ಕರೂ ಅದು ತನ್ನದೇ ಕಂಪನಿಯ ತುದಿ, ತನ್ನದೇ ರಾಸಾಯನಿಕಗಳ ಕಿಟ್ ಬಿಟ್ಟು ಬೇರೇನನ್ನೂ ಒಪ್ಪದಿದ್ದರೆ ಖರ್ಚು ವರ್ಷವರ್ಷವೂ ಬೆಳೆಯುತ್ತದೆ. ಕೋವಿಡ್ ಕಾಲದಲ್ಲಿ ಪಿಪೆಟ್ ತುದಿಗಳಿಗೆ ಜಗತ್ತಿನಾದ್ಯಂತ ಬರ ಬಂದಾಗ ಯಂತ್ರವಿದ್ದೂ ಕೆಲಸ ನಿಂತ ಪ್ರಯೋಗಾಲಯಗಳಿದ್ದವು. ಆದ್ದರಿಂದ ಬಿಡ್‌ಗಳನ್ನು ಹೋಲಿಸುವಾಗ ಯಂತ್ರದ ಇಡೀ ಆಯುಷ್ಯದ ವೆಚ್ಚವನ್ನು ಲೆಕ್ಕ ಹಾಕಬೇಕು. ದುರಸ್ತಿ ಒಪ್ಪಂದವೂ ಮಾದರಿಗಳು ಬರುವ ಕಾಲಕ್ಕೆ ಹೊಂದಿಕೊಳ್ಳಬೇಕು. ಮೇ ತಿಂಗಳಲ್ಲಿ ಕೆಟ್ಟ ಯಂತ್ರವನ್ನು ಜುಲೈನಲ್ಲಿ ಸರಿಪಡಿಸಿದರೆ ಆ ವರ್ಷದ ಕೊಳಗಳೆಲ್ಲ ಕೈಬಿಟ್ಟಂತೆ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ವಿಷಯವೊಂದು ಇನ್ನೂ ಇದೆ. ನದಿಯ ಡಿಎನ್‌ಎ ದಾಖಲೆಗೆ ಬೆಲೆ ಬರುವುದು ಅದನ್ನು ವರ್ಷಾನುಗಟ್ಟಲೆ ಹೋಲಿಸಿದಾಗ. ಬೇರೆ ಯಂತ್ರ, ಬೇರೆ ಕಿಟ್ ಬಂದರೆ ಹೊರತೆಗೆಯುವ ಡಿಎನ್‌ಎ ಪ್ರಮಾಣವೂ ಬದಲಾಗಬಹುದು. ಆಗ ಮೀನು ಕಡಿಮೆಯಾಯಿತೋ, ವಿಧಾನ ಬದಲಾಯಿತೋ ಎಂದು ಹೇಳುವವರು ಯಾರು? ಇದಕ್ಕಾಗಿ ಹೊಸ ಯಂತ್ರ ಬಂದ ಮೇಲೆಯೂ ಹಳೆಯದನ್ನು ಒಂದು ಋತು ಉಳಿಸಿಕೊಂಡು, ಒಂದೇ ನೀರನ್ನು ಎರಡರಲ್ಲೂ ಪರೀಕ್ಷಿಸಿ ವ್ಯತ್ಯಾಸವನ್ನು ಬರೆದಿಡಬೇಕು. ಪ್ರತಿ ಮಾದರಿಯ ಒಂದು ಪಾಲನ್ನು ಶೀತಕದಲ್ಲಿ ಕಾದಿಡಬೇಕು. ಕಚ್ಚಾ ದತ್ತಾಂಶ ಕಂಪನಿಯ ತಂತ್ರಾಂಶದ ಹಂಗಿಲ್ಲದೆ ತೆರೆಯುವಂತಿರಬೇಕು. ಇವಕ್ಕೆಲ್ಲ ತಗಲುವ ಹಣ ಮತ್ತು ಸಿಬ್ಬಂದಿಯ ಸಮಯವನ್ನು ಯಂತ್ರದ ಬೆಲೆಯ ಜೊತೆಗೇ, ಮೊದಲ ಅಂದಾಜು ಪಟ್ಟಿಯಲ್ಲೇ ಕಾಣಿಸಬೇಕು. ಖರೀದಿ ಮುಗಿದ ಮೇಲೆ ಅದಕ್ಕಾಗಿ ಹಣ ಕೇಳಿದರೆ ಸಿಗುವುದು ಕಷ್ಟ.