ಆಡಲಾಗದ ನಾಟಕವೆಂಬ ಹೆಸರು: ಬ್ರೌನಿಂಗ್ ಬರೆದ ಡ್ರೂಜ್ ದುರಂತದ ಹಿನ್ನೆಲೆ

ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್ 1843ರ ಜನವರಿಯಲ್ಲಿ ಪ್ರಕಟಿಸಿದ ಐದಂಕದ ಪದ್ಯನಾಟಕ ‘ದಿ ರಿಟರ್ನ್ ಆಫ್ ದಿ ಡ್ರೂಸಸ್’ ಬಗ್ಗೆ ಎರಡು ಭಾವನೆಗಳು ಬೇರೂರಿವೆ: ಅದು ಡ್ರೂಜರ ಚರಿತ್ರೆಯನ್ನು ಹೇಳುತ್ತದೆ ಎಂಬುದು ಒಂದು, ಅದು ರಂಗಕ್ಕೆ ಒಗ್ಗದ ಕೃತಿ ಎಂಬುದು ಇನ್ನೊಂದು.

ಚರಿತ್ರೆಯ ಭಾಗ ಚಿಕ್ಕದು. ಕೈರೋದ ಫಾತಿಮಿ ಖಲೀಫ ಅಲ್-ಹಾಕಿಮ್ 1021ರಲ್ಲಿ ಕಣ್ಮರೆಯಾದ. ಅವನಲ್ಲಿ ದೈವವನ್ನು ಕಂಡ ಡ್ರೂಜ್ ಪಂಥ 1043ರಲ್ಲಿ ಹೊಸಬರಿಗೆ ಬಾಗಿಲು ಮುಚ್ಚಿ, ಲೆಬನಾನ್ ಮತ್ತು ಸಿರಿಯಾದ ಬೆಟ್ಟಗಳಲ್ಲಿ ನೆಲೆನಿಂತಿತು. ಹಾಕಿಮ್ ಮರಳಿ ಬರುವನೆಂಬ ಡ್ರೂಜರ ನಂಬಿಕೆಯನ್ನಷ್ಟೇ ಬ್ರೌನಿಂಗ್ ಎತ್ತಿಕೊಂಡ. ರೋಡ್ಸಿನ ಕ್ರೈಸ್ತ ಯೋಧರ ಕಾವಲಿನಲ್ಲಿರುವ ದ್ವೀಪ, ಅಲ್ಲಿಗೆ ವಲಸೆ ಬಂದ ಡ್ರೂಜರು, ತಾನೇ ಹಾಕಿಮ್ ಎಂದು ಸುಳ್ಳು ಹೇಳಿ ಅವರನ್ನು ಬಂಡಾಯಕ್ಕೆ ಎಬ್ಬಿಸುವ ಜಬಲ್, ಇವೆಲ್ಲ ಕಲ್ಪನೆ. ಅವನನ್ನು ನಂಬಿದ ಡ್ರೂಜ್ ಯುವತಿ ಅನಾಯಲ್ ದಬ್ಬಾಳಿಕೆಯ ಅಧಿಕಾರಿಯನ್ನು ತಾನೇ ಕೊಲ್ಲುತ್ತಾಳೆ. ನಿಜ ತಿಳಿದು ಜಬಲನನ್ನು ಬಯಲಿಗೆಳೆದರೂ, ಕೊನೆಗೆ ‘ಹಾಕಿಮ್’ ಎಂದು ಕೂಗಿಯೇ ಪ್ರಾಣ ಬಿಡುತ್ತಾಳೆ. ಜನರ ಬಿಡುಗಡೆಗಾಗಿ ಹೇಳಿದ ಸುಳ್ಳು ಜನರ ನಂಬಿಕೆಯನ್ನೇ ಆಹುತಿ ಬೇಡುವ ಈ ಸಂಕಟದಲ್ಲಿ ನಾಟಕದ ಶಕ್ತಿಯೆಲ್ಲ ಇದೆ.

ಅಂಥ ಕೃತಿ ರಂಗಕ್ಕೆ ಬಾರದಿರಲು ಕಾರಣವನ್ನು ಪದ್ಯದಲ್ಲಿ ಮಾತ್ರ ಹುಡುಕುವುದು ನ್ಯಾಯವಲ್ಲ. ಆಗಿನ ಲಂಡನ್ನಿನಲ್ಲಿ ಗಂಭೀರ ಮಾತಿನ ನಾಟಕವಾಡುವ ಹಕ್ಕು, 17ನೆಯ ಶತಮಾನದ ರಾಜಸನ್ನದಿನ ಬಲದಿಂದ, ಡ್ರೂರಿ ಲೇನ್ ಮತ್ತು ಕಾವೆಂಟ್ ಗಾರ್ಡನ್ ಎಂಬ ಎರಡು ರಂಗಮಂದಿರಗಳ ಕೈಯಲ್ಲಿತ್ತು. ಹೇಮಾರ್ಕೆಟ್‌ಗೆ ಸೀಮಿತ ಪರವಾನಗಿಯಿತ್ತು. ಉಳಿದ ಮಂದಿರಗಳು ಹಾಡು, ಕುಣಿತ ಬೆರೆಸಿದ ಪ್ರದರ್ಶನಗಳಿಗೆ ತೃಪ್ತಿಪಡಬೇಕಿತ್ತು. ಹೀಗಾಗಿ ಹೊಸ ದುರಂತನಾಟಕ ಬರೆದವನು ಬೆರಳೆಣಿಕೆಯ ನಟರ ಒಪ್ಪಿಗೆಯನ್ನೇ ಕಾಯಬೇಕಿತ್ತು. 1837ರಲ್ಲಿ ಬ್ರೌನಿಂಗ್‌ನ ‘ಸ್ಟ್ರಾಫರ್ಡ್’ ಆಡಿದ್ದ ವಿಲಿಯಂ ಮ್ಯಾಕ್ರೆಡಿಗೆ 1840ರಲ್ಲಿ ಈ ಹಸ್ತಪ್ರತಿ ಹಿಡಿಸಲಿಲ್ಲ. ಅದು ಒಬ್ಬ ನಟನ ಅಭಿರುಚಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಒಂದು ಅಭಿರುಚಿಯೇ ಕೃತಿಯ ಹಣೆಬರಹವಾಗುವಂಥ ಏರ್ಪಾಡು ಸಾಹಿತ್ಯಕ್ಕೆ ಹಿತವಾಗಿರಲಿಲ್ಲ. ನಾಟಕ ‘ಬೆಲ್ಸ್ ಅಂಡ್ ಪೋಮಗ್ರನೇಟ್ಸ್’ ಎಂಬ ಅಗ್ಗದ ಕಿರುಹೊತ್ತಗೆಗಳ ಮಾಲೆಯಲ್ಲಿ ನಾಲ್ಕನೆಯದಾಗಿ ಓದುಗರ ಕೈಸೇರಿತು. ಆ ಎರಡು ರಂಗಮಂದಿರಗಳ ಏಕಸ್ವಾಮ್ಯವನ್ನು ತೆಗೆದುಹಾಕಿದ ಕಾಯ್ದೆ ಬಂದದ್ದು ಅದೇ 1843ರ ಆಗಸ್ಟಿನಲ್ಲಿ, ನಾಟಕ ಅಚ್ಚಾಗಿ ಏಳು ತಿಂಗಳಾದ ಮೇಲೆ.